ಐರ್ಲೆಂಡಿನ ಕುಲುಮೆಗಳೂ ಶಾಲಾಮಕ್ಕಳ ನೋಟುಪುಸ್ತಕಗಳೂ

1937ರಿಂದ 1939ರವರೆಗೆ ಸ್ವತಂತ್ರ ಐರ್ಲೆಂಡಿನ 26 ಕೌಂಟಿಗಳಲ್ಲಿ ಸುಮಾರು ಐದು ಸಾವಿರ ಪ್ರಾಥಮಿಕ ಶಾಲೆಗಳ ಮಕ್ಕಳು ಒಂದು ಅಪೂರ್ವ ಕೆಲಸದಲ್ಲಿ ತೊಡಗಿದರು. ಊರಿನ ಹಿರಿಯರನ್ನು ಕೇಳಿ ಹಳೆಯ ಕಥೆ, ಮದ್ದು, ಕಸುಬುಗಳನ್ನು ಬರೆದು ತರುವುದು ಆ ಕೆಲಸ. ಐರಿಷ್ ಜಾನಪದ ಆಯೋಗವು ಸೂಚಿಸಿದ ವಿಷಯಗಳಲ್ಲಿ ‘ಊರಿನ ಕುಲುಮೆ’ಯೂ ಒಂದಾಗಿತ್ತು. ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿಗೆ ಸೇರಿದ ಹಳ್ಳಿಗಳ ಗುಂಪಿನಲ್ಲಿ, ಎಷ್ಟು ಕುಲುಮೆಗಳಿವೆ? ಕಮ್ಮಾರನ ಮನೆತನ ಎಷ್ಟು ತಲೆಮಾರಿನದು? ತಿದಿ ಎಂಥದು?

ಕುಲುಮೆ ಸಾಮಾನ್ಯವಾಗಿ ನಾಲ್ಕು ದಾರಿ ಕೂಡುವಲ್ಲಿ ಅಥವಾ ಹಳ್ಳದ ದಡದಲ್ಲಿರುತ್ತಿತ್ತು. ಕೆಲವೆಡೆ ಬಾಗಿಲ ಕಮಾನನ್ನೇ ಕುದುರೆಯ ಲಾಳದ ಆಕಾರದಲ್ಲಿ ಕಟ್ಟುತ್ತಿದ್ದರು. ಕಾದ ಕಬ್ಬಿಣವನ್ನು ಅದ್ದುವ ತೊಟ್ಟಿಯ ನೀರು ನರಹುಲಿಗೆ ಮದ್ದೆಂದು ಜನ ನಂಬಿದ್ದರು. ಗಾಲಿಗೆ ಹಳಿ ಕಟ್ಟುವ ದಿನವಂತೂ ಮಕ್ಕಳಿಗೆ ಹಬ್ಬ. ಬಯಲಿನಲ್ಲಿ ಬೆಂಕಿ ಹಾಕಿ, ಕಬ್ಬಿಣದ ಬಳೆಯನ್ನು ಕೆಂಪಗೆ ಕಾಯಿಸಿ, ಇಕ್ಕಳಗಳಿಂದ ಎತ್ತಿ ಮರದ ಗಾಲಿಯ ಮೇಲಿಳಿಸಿ, ಮರ ಉರಿಯುವ ಮೊದಲೇ ನೀರು ಹೊಯ್ಯಬೇಕು. ತಣಿದ ಬಳೆ ಕುಗ್ಗಿ ಗಾಲಿಯ ಕೀಲುಗಳನ್ನೆಲ್ಲ ಬಿಗಿಯುತ್ತಿತ್ತು. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಶ್ರಮವೆಲ್ಲ ವ್ಯರ್ಥ.

ಐರ್ಲೆಂಡಿನ ಪ್ರಾಚೀನ ಕಾನೂನು ಕಮ್ಮಾರನನ್ನು ವೈದ್ಯ, ನ್ಯಾಯಾಧೀಶರ ಸಾಲಿನಲ್ಲಿ ಗೌರವಿಸಿತ್ತು. ನ್ಯಾಯಾಧೀಶರು ಇದನ್ನೊಪ್ಪಿದ್ದು ಮೆಚ್ಚತಕ್ಕ ಸಂಗತಿಯೇ! 1798ರ ದಂಗೆಯಲ್ಲಿ ಈಟಿಯ ಮೊನೆಗಳನ್ನು ಬಡಿದುಕೊಟ್ಟವರು ಹಳ್ಳಿಯ ಕಮ್ಮಾರರು. ಅದಕ್ಕಾಗಿ ಸೈನಿಕರಿಂದ ಹಿಂಸೆಯನ್ನುಂಡವರೂ ಅವರೇ.

ಐರಿಷ್ ಭಾಷೆಯಲ್ಲಿ ಕಮ್ಮಾರನಿಗೆ ‘ಗವ’ ಎನ್ನುತ್ತಾರೆ. ಕಮ್ಮಾರನ ಮಗನೆಂಬ ಅರ್ಥದ ಮನೆತನದ ಹೆಸರು ಇಂಗ್ಲಿಷ್ ಬಾಯಲ್ಲಿ ‘ಮೆಕ್‌ಗವನ್’ ಆಯಿತು. ಕ್ಯಾವನ್ ಕೌಂಟಿಯಲ್ಲಿ ಬಹಳ ಮಂದಿಯ ಹೆಸರನ್ನು ಅನುವಾದಿಸಿಯೇ ಬಿಟ್ಟರು: ‘ಸ್ಮಿತ್’. ಅರ್ಥ ಉಳಿಯಿತು, ಹೆಸರು ಹೋಯಿತು. ಗಡಿನಾಡಿನ ಶಾಲೆಯ ಹಾಜರಿ ಪುಸ್ತಕ, ಪಡಿತರ ಚೀಟಿಗಳಲ್ಲಿ ತಮ್ಮ ಹೆಸರು ರೂಪ ಬದಲಿಸುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಕುಲುಮೆಯನ್ನು ಆರಿಸಿದ್ದು ಟ್ರ್ಯಾಕ್ಟರ್. 1946ರಿಂದ ತಯಾರಾದ ಹಗುರ ‘ಫರ್ಗ್ಯುಸನ್’ ಟ್ರ್ಯಾಕ್ಟರನ್ನು ರೂಪಿಸಿದ ಹ್ಯಾರಿ ಫರ್ಗ್ಯುಸನ್ ಐರ್ಲೆಂಡಿನ ಡೌನ್ ಕೌಂಟಿಯ ರೈತನ ಮಗ. ಹೊಲದಿಂದ ಕುದುರೆ ಹೋಯಿತು; ಲಾಳವೂ ಹೋಯಿತು.

ಆ ಮಕ್ಕಳು ಬರೆದ ಪುಟಗಳು ಡಬ್ಲಿನ್‌ನ ವಿಶ್ವವಿದ್ಯಾಲಯದಲ್ಲಿ ಸುರಕ್ಷಿತವಾಗಿವೆ. ಈಗ ಅಂತರ್ಜಾಲದಲ್ಲಿಯೂ ದೊರೆಯುತ್ತವೆ. ಊರಿನ ಶಾಲೆಯ ಹೆಸರು ಹುಡುಕಿದ ಮೊಮ್ಮಕ್ಕಳಿಗೆ ಕುಲುಮೆಯ ವಿವರದೊಂದಿಗೆ ಅಜ್ಜನ ಕೈಬರಹವೂ ಎದುರಾಗುವುದುಂಟು.