ನೆತ್ತಿಯ ಬಿಸಿಲು ಮತ್ತು ಗಾಜಿನ ಕೋಣೆ

ಆರ್‌ಸಿಸಿ ಮನೆಯ ಮೇಲೆ ಗಾಜಿನದೋ ಪಾಲಿಕಾರ್ಬೊನೇಟ್ ಶೀಟಿನದೋ ಒಂದು ಕೋಣೆ ಕಟ್ಟಿಸಿ, ಬೇಸಿಗೆಗೆ ಗಾಲಿ ಇರುವ ಪೋರ್ಟಬಲ್ ಎ.ಸಿ. ತಂದಿಟ್ಟರಾಯಿತು ಎಂಬ ಲೆಕ್ಕ ಸವದತ್ತಿ ಬಳಿಯ ನವಿಲುತೀರ್ಥದ ಸುತ್ತಿನ ಸೀಮೆಗೆ ಒಗ್ಗುವುದಿಲ್ಲ. ಚಳಿದೇಶಗಳಲ್ಲಿ ಇಂಥ ಕೋಣೆಗೆ ಅರ್ಥವಿದೆ. ಅಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ಬಾಗಿ ತಗ್ಗಿನಲ್ಲೇ ಸಾಗುತ್ತಾನೆ. ಗೋಡೆಯ ಗಾಜಿನಿಂದ ಬರುವ ಆ ಬಿಸಿಲು ಅವರಿಗೆ ಬೇಕು. ಸವದತ್ತಿ ಇರುವುದು ಸುಮಾರು 15.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರ ನಡುಹಗಲಿಗೆ ಸೂರ್ಯ ಸರಿಯಾಗಿ ನೆತ್ತಿಗೇ ಬರುತ್ತಾನೆ. ಆಗ ಬಿಸಿಲಿನ ಹೊಡೆತವೆಲ್ಲ ಗೋಡೆಗಿಂತ ಚಾವಣಿಗೆ.

ಆ ಹೊಡೆತ ಎಷ್ಟು ದೊಡ್ಡದೆಂದರೆ, ಶುಭ್ರ ಆಕಾಶದ ಮಧ್ಯಾಹ್ನ ಚದರ ಮೀಟರಿಗೆ 1,000 ವ್ಯಾಟ್ ಹತ್ತಿರ ಶಾಖ ಬೀಳುತ್ತದೆ. ಹತ್ತು ಚದರ ಮೀಟರಿನ ಪಾರದರ್ಶಕ ಚಾವಣಿಯಿಂದ ಅದರ ಮುಕ್ಕಾಲು ಪಾಲು ಒಳಗಿಳಿದರೂ 7,500 ವ್ಯಾಟ್ ಆಯಿತು. ಒಂದು ಟನ್ನಿನ ಎ.ಸಿ. ಹೊರಹಾಕುವುದು ಸುಮಾರು 3,500 ವ್ಯಾಟ್. ಪೋರ್ಟಬಲ್ ಎ.ಸಿ.ಗೆ ಇನ್ನೊಂದು ಕೊರತೆಯೂ ಇದೆ. ಒಂದೇ ಕೊಳವೆಯ ಯಂತ್ರ ಕೋಣೆಯ ಗಾಳಿಯನ್ನೇ ಎಳೆದು, ಬಿಸಿ ಮಾಡಿ ಹೊರಗೆ ಊದುತ್ತದೆ. ಹೋದ ಗಾಳಿಯ ಜಾಗ ತುಂಬಲು ಬಾಗಿಲ ಸಂದಿ, ಶೀಟಿನ ಜೋಡಣೆ ಎಲ್ಲೆಡೆಯಿಂದ ಹೊರಗಿನ ಬಿಸಿಗಾಳಿ ನುಗ್ಗುತ್ತದೆ. ಕಾದ ಕೊಳವೆಯೂ ಕೋಣೆಯೊಳಗೇ ಇರುತ್ತದೆ. ಅಮೆರಿಕದಲ್ಲಿ ಈ ನಷ್ಟವನ್ನೂ ಸೇರಿಸಿ ಅಳೆಯತೊಡಗಿದ ಮೇಲೆ, ತಂಪುಗೊಳಿಸುವ ಸಾಮರ್ಥ್ಯದಲ್ಲಿ 14,000 ಬಿಟಿಯು ಎನ್ನಿಸಿಕೊಂಡಿದ್ದ ಯಂತ್ರಗಳು ಸುಮಾರು 10,000ಕ್ಕೆ, ಕೆಲವು ಅದಕ್ಕೂ ಕೆಳಗೆ ಇಳಿದವು.

ಹೀಗಿರುವಾಗ ಮೊದಲ ಖರ್ಚು ಚಾವಣಿಯ ನೆರಳಿಗೇ ಆಗಬೇಕು, ಅದೂ ಹೊರಗಿನಿಂದ. ಒಳಗೆ ಎಷ್ಟೇ ದಪ್ಪನೆಯ ಪರದೆ ಕಟ್ಟಿದರೂ ಅದು ಹಿಡಿಯುವ ಶಾಖ ಆಗಲೇ ಕೋಣೆ ಹೊಕ್ಕಿರುತ್ತದೆ. ಶೀಟಿನಿಂದ ಒಂದಡಿ ಎತ್ತರಕ್ಕೆ ಶೇಡ್ ನೆಟ್ ಎಳೆದು ಕಟ್ಟಿದರೆ, ಇಲ್ಲವೇ ತೆಂಗಿನ ಗರಿಯ ಹಂದರ ಹಾಕಿದರೆ, ನಡುವೆ ಗಾಳಿಯಾಡಿ ಬಹುಪಾಲು ಶಾಖ ಹೊರಗೇ ಹೋಗುತ್ತದೆ. ಬೆಳಕು ಹೋಗುತ್ತದಲ್ಲ ಎಂದರೆ, ಉತ್ತರದ ಗೋಡೆಯ ಗಾಜು ಉಳಿಯಲಿ; ಮೇ-ಜುಲೈನಲ್ಲಿ ಸೂರ್ಯ ಕೊಂಚ ಉತ್ತರಕ್ಕೆ ವಾಲಿದಾಗ ಅದಕ್ಕೊಂದು ಚಿಕ್ಕ ಸಜ್ಜಾ ಸಾಕು. ತೊಲೆ-ಜಂತಿಯ ಮೇಲೆ ದಪ್ಪಗೆ ಮಣ್ಣು ಹೊತ್ತ ಈ ಭಾಗದ ಹಳೆಯ ಮಾಳಿಗೆ ಮನೆಗಳು ಹಗಲಿನ ಶಾಖವನ್ನು ಮಣ್ಣಿನಲ್ಲೇ ತಡೆದು ರಾತ್ರಿಗೆ ನಿಧಾನ ಬಿಡುತ್ತಿದ್ದವು. ಹಾಗೆಂದು ಮಣ್ಣಿನ ಮನೆಗೇ ಮರಳಿ ಎನ್ನುವುದು ನ್ಯಾಯವಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ರಾಮದುರ್ಗ ತಾಲೂಕಿನಲ್ಲಿ ಕುಸಿದ ಮಣ್ಣಿನ ಗೋಡೆಗಳನ್ನು ಮರೆಯಲಾಗದು.

ನೀರಿನ ಕೂಲರ್ ಸಾಲದೇ ಎಂಬ ಪ್ರಶ್ನೆಯೂ ಬರುತ್ತದೆ. ಒಣಹವೆಯ ಮಾರ್ಚ್, ಏಪ್ರಿಲ್‌ನಲ್ಲಿ ನೆರಳಿರುವ ಕೋಣೆಗೆ ಅದೇ ಮೇಲು, ಕರೆಂಟ್ ಬಿಲ್ಲೂ ಕಡಿಮೆ. ಆದರೆ ಕಿಟಕಿ ತೆರೆದಿರಬೇಕು. ಮಳೆ ಹಿಡಿದು ಗಾಳಿ ತೇವವಾದರೆ ಅದರಿಂದ ಸೆಕೆಯೇ ಹೆಚ್ಚುತ್ತದೆ. ಬಾಡಿಗೆ ಮನೆಯಲ್ಲಿದ್ದು ಗೋಡೆ ಕೊರೆಯಲಾಗದವರಿಗೆ ಪೋರ್ಟಬಲ್ ಎ.ಸಿ.ಯೇ ಗತಿ ಎನ್ನುವುದೂ ನಿಜ. ಅಂಥವರು ಎರಡು ಕೊಳವೆಯದನ್ನೇ ಹುಡುಕಲಿ. ಕೊಳವೆಯನ್ನು ಆದಷ್ಟು ಗಿಡ್ಡವಾಗಿ, ನೇರವಾಗಿ ಕಿಟಕಿಗೆ ಕೊಟ್ಟು, ಸುತ್ತಲ ಸಂದಿಗೆ ಥರ್ಮಾಕೋಲ್ ತುಂಬಲಿ. ಮನೆಯ ಮಾಲೀಕರು ಒಪ್ಪಿದರೆ ಶೇಡ್ ನೆಟ್ಟನ್ನೂ ಕಟ್ಟಲಿ. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು.