ಕೂಸಿನ ತೋಳಿಗೊಂದು ಪಟ್ಟಿ

ಸಿಂಧನೂರು ತಾಲ್ಲೂಕಿನ ಗೊರೇಬಾಳದ ಸೀಮೆ ನೆಲ್ಲಿನ ಸೀಮೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಇದನ್ನು ಭತ್ತದ ಕಣಜ ಮಾಡಿದೆ. ಇದೇ ರಾಯಚೂರು ಜಿಲ್ಲೆಯ ಕೂಸುಗಳು ಅಪೌಷ್ಟಿಕತೆಯಿಂದ ಸತ್ತ ಸುದ್ದಿ 2011ರಲ್ಲಿ ನಾಡನ್ನೇ ಕಲಕಿತು. ಅದಕ್ಕೆ ಎರಡು ವರ್ಷ ಮೊದಲು, 2009ರ ಅಕ್ಟೋಬರ್ ಹೊತ್ತಿಗೆ, ಕೃಷ್ಣೆ ತುಂಗಭದ್ರೆಯರು ಉಕ್ಕಿ ನದಿದಂಡೆಯ ಊರುಗಳನ್ನು ಮುಳುಗಿಸಿದ್ದರು. ನೆರೆ ಇಳಿದ ಮೇಲೆ ‘ಆಸರೆ’ ಯೋಜನೆಯಲ್ಲಿ ಮನೆಗಳೆದ್ದವು. ಗೋಡೆ ಎದ್ದದ್ದು ದೂರದಿಂದಲೇ ಕಾಣುತ್ತದೆ. ಕೂಸು ಚೇತರಿಸಿಕೊಂಡಿತೇ ಎಂದು ತಿಳಿಯಲು ಮಾತ್ರ ಅದರ ತೋಳು ಅಳೆದೇ ನೋಡಬೇಕು.

ಅಳೆಯುವ ಪಟ್ಟಿ ಅಂಗನವಾಡಿ ಟೀಚರ್ ಕೈಯಲ್ಲಿರುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಪಟ್ಟಿ ಕೆಂಪು ತೋರಿಸುತ್ತದೆ. ‘ದೃಷ್ಟಿ ತಗಲೈತಿ’ ಎಂದು ತಾಯಿ ತಾಯತ ಕಟ್ಟಿಸಿರಬಹುದು. ಆದರೆ ಆ ಕೂಸು ಹೋಗಬೇಕಾದದ್ದು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ. ಜನರ ಬಾಯಲ್ಲಿ ಅದು ಎನ್‌ಆರ್‌ಸಿ. ಹೈಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ 2012ರಲ್ಲಿ ವರದಿ ಕೊಟ್ಟ ಮೇಲೆ ರಾಜ್ಯದಲ್ಲಿ ಈ ಕೇಂದ್ರಗಳಿಗೆ ಬಲ ಬಂತು.

ತಾಯಿ ಮಗು ಇಬ್ಬರೂ ಅಲ್ಲಿ ಸುಮಾರು 14 ದಿನ ಇರುತ್ತಾರೆ. ಇಷ್ಟು ಸೊರಗಿದ ಕೂಸಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣ್ಣಿಸಿದರೆ ಜೀವಕ್ಕೇ ಅಪಾಯ ಎಂಬುದನ್ನು ನಂಬುವುದು ಯಾವ ತಾಯಿಗೂ ಕಷ್ಟ. ಸೊರಗಿದ ಮೈಯ ಗುಂಡಿಗೆ, ಮೂತ್ರಪಿಂಡಗಳು ಒಮ್ಮೆಲೇ ಬಂದ ಆಹಾರದ ಭಾರ ತಾಳವು. ಹಾಗಾಗಿ ಮೊದಲು ಎರಡು ತಾಸಿಗೊಮ್ಮೆ, ರಾತ್ರಿಯೂ ಎಬ್ಬಿಸಿ, ಹಾಲು, ಸಕ್ಕರೆ, ಎಣ್ಣೆ ಬೆರೆಸಿದ ತೆಳು ಗಂಜಿ. 100 ಮಿಲಿಲೀಟರಿಗೆ 75 ಕ್ಯಾಲೊರಿ. ಅದಕ್ಕೆ ಮಂಡಾಳಿನ ಪುಡಿ ಸೇರಿಸುವುದೂ ಉಂಟು. ಹಸಿವು ಮರಳಿದ ಮೇಲೆ 100 ಕ್ಯಾಲೊರಿಯದು. ಮೈ ತಣ್ಣಗಾಗದಂತೆ ತಾಯಿ ಕೂಸನ್ನು ಎದೆಗವಚಿಕೊಂಡೇ ಇರಬೇಕು.

ಭೇದಿಯಾದರೆ ಓಆರ್‌ಎಸ್. ಅದರ ಶಕ್ತಿಯನ್ನು 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ತೋರಿಸಿಕೊಟ್ಟರು.

ಔಷಧಿಗಿಂತ ಕಷ್ಟದ್ದು ಆ 14 ದಿನಗಳನ್ನು ಹೊಂದಿಸುವುದು. ನೆಲ್ಲು ಹಚ್ಚುವ ಕಾಲದಲ್ಲಿ ತಾಯಿ ಆಸ್ಪತ್ರೆಯಲ್ಲಿ ಕೂತರೆ ಕೂಲಿ ಹೋಗುತ್ತದೆ, ಮನೆಯಲ್ಲಿ ಉಳಿದ ಮಕ್ಕಳನ್ನು ನೋಡುವವರಿಲ್ಲ. ಅದಕ್ಕೇ ತಾಯಿಗೆ ಊಟ, ಕೂಲಿನಷ್ಟದ ಭತ್ಯೆ ಇದೆ. ನನ್ನ ಮಟ್ಟಿಗೆ ಆ ಭತ್ಯೆಯೂ ಚಿಕಿತ್ಸೆಯೇ. ಅದು ತಡವಾದರೆ ತಾಯಿ ಅರ್ಧಕ್ಕೇ ಗಂಟು ಕಟ್ಟುತ್ತಾಳೆ.

ಬಿಡುಗಡೆಯ ನಂತರ 15 ದಿನಕ್ಕೊಮ್ಮೆ, ನಾಲ್ಕು ಸಲ, ಕೂಸನ್ನು ತೋರಿಸಬೇಕು. ಮಸ್ಕಿ, ಲಿಂಗಸುಗೂರು ಕಡೆಯ ಒಣಭೂಮಿಯ ಕುಟುಂಬಗಳು ಅಷ್ಟರಲ್ಲಿ ಬೆಂಗಳೂರಿಗೆ ಗುಳೆ ಹೋಗಿರಬಹುದು. ಬಸ್ಸು ಹತ್ತುವ ಮೊದಲೇ ಆಶಾ ಕಾರ್ಯಕರ್ತೆ ಫೋನ್ ನಂಬರ್ ಬರೆದುಕೊಂಡು, ತಾಯಿಕಾರ್ಡು ಗಂಟಿನಲ್ಲಿದೆಯೇ ಎಂದು ನೋಡಿದರೆ, ಅಲ್ಲಿನ ಕಟ್ಟಡ ಕೆಲಸದ ಶೆಡ್ಡಿನ ಪಕ್ಕದ ಅಂಗನವಾಡಿಯಲ್ಲೂ ಆ ತೋಳು ಅಳೆಯಬಹುದು.