ಮನೆಯೊಳಗಿನ ಧ್ವನಿಪೆಟ್ಟಿಗೆಗಳು: ಹೊಂದಿಸುವ ಬಗೆ, ದೋಷ ಹುಡುಕುವ ಬಗೆ

ಈಗೀಗ ನಮ್ಮ ಕಾಸರಗೋಡಿನ ಹಲವು ಮನೆಗಳ ಚಾವಡಿಗಳಲ್ಲಿ ಟಿ.ವಿ.ಯ ಸುತ್ತಮುತ್ತ ಐದಾರು ಧ್ವನಿಪೆಟ್ಟಿಗೆಗಳು ಕಾಣಸಿಗುತ್ತವೆ. ಹೋಂ ಥಿಯೇಟರ್ ಎಂದು ಅದರ ಹೆಸರು. ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆವು. ಗಲ್ಫಿನಲ್ಲಿರುವ ಸೋದರಮಾವ ತಂದುಕೊಟ್ಟ ಪೆಟ್ಟಿಗೆಗಳು ಅಲ್ಲಿದ್ದವು. ಹುಡುಗನ ಅಜ್ಜನಿಗೆ ತಾಳಮದ್ದಳೆಯೆಂದರೆ ಪ್ರಾಣ. ಆದರೆ ಅವರು ಕೆಲವು ದಿನಗಳಿಂದ ಟಿ.ವಿ.ಯ ಮುಂದೆ ಕೂರುವುದನ್ನೇ ಬಿಟ್ಟಿದ್ದರು. “ಚೆಂಡೆ, ಮದ್ದಳೆ ಎಲ್ಲ ಕೇಳ್ತದೆ ಮಾಷ್ಟ್ರೇ, ಅರ್ಥವೇ ಕೇಳುದಿಲ್ಲ” ಎಂದು ಅವರು ಹೇಳಿದರು. ಅಜ್ಜನ ಕಿವಿ ಹೋಯಿತೆಂದೇ ಮನೆಯವರು ತೀರ್ಮಾನಿಸಿದ್ದರು. ಶಾಲಾ ವಾರ್ಷಿಕೋತ್ಸವದ ಮೈಕಿನ ಉಸ್ತುವಾರಿ ಹಲವು ವರ್ಷಗಳಿಂದ ನಮ್ಮ ಪಾಲಿಗೆ ಬಂದಿರುವುದರಿಂದ, ಕಿವಿಯನ್ನು ಪರೀಕ್ಷಿಸುವ ಮೊದಲು ಪೆಟ್ಟಿಗೆಗಳನ್ನು ಪರೀಕ್ಷಿಸೋಣವೆಂದು ನಾವು ಹೇಳಿದೆವು. ಅಂದು ಏನಾಯಿತೆಂಬುದನ್ನು ಹೇಳುವ ಮೊದಲು ಈ ಏರ್ಪಾಡಿನ ಮರ್ಮವನ್ನು ಸ್ವಲ್ಪ ತಿಳಿದುಕೊಳ್ಳೋಣ.

ನಮಗೆ ಎರಡು ಕಿವಿಗಳು ಏಕಿವೆ? ಎಡಗಡೆಯಿಂದ ಬಂದ ಸದ್ದು ಎಡಗಿವಿಗೆ ಮೊದಲು ತಲುಪುತ್ತದೆ. ಬಲಗಿವಿಗೆ ಒಂದಿಷ್ಟು ತಡವಾಗಿ ತಲುಪುತ್ತದೆ. ಈ ಅಂತರ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಆದರೂ ಮೆದುಳು ಅದನ್ನು ಗುರುತಿಸಿ ಸದ್ದು ಬಂದ ದಿಕ್ಕನ್ನು ಹೇಳಿಬಿಡುತ್ತದೆ. ಈ ಗುಣವನ್ನು ಬಳಸಿಕೊಂಡು ಇಂಗ್ಲೆಂಡಿನ ಅಲನ್ ಬ್ಲಮ್ಲೀನ್ ಎಂಬ ಇಂಜಿನಿಯರರು 1931ರಲ್ಲಿ ಸ್ಟೀರಿಯೋ ಪದ್ಧತಿಗೆ ಪೇಟೆಂಟ್ ಕೋರಿದರು. 1940ರ ‘ಫ್ಯಾಂಟೇಸಿಯಾ’ ಚಿತ್ರಕ್ಕಾಗಿ ಕೆಲವು ಚಿತ್ರಮಂದಿರಗಳಲ್ಲಿ ಹಲವು ದಿಕ್ಕುಗಳಿಂದ ಧ್ವನಿ ಬರುವ ಏರ್ಪಾಡು ಮಾಡಿದ್ದರು. ಮುಂದೆ ಈ ಕ್ಷೇತ್ರದಲ್ಲಿ ದೊಡ್ಡ ಹೆಸರು ಪಡೆದ ರೇ ಡಾಲ್ಬಿ ಅವರು 1963ರಿಂದ 1965ರವರೆಗೆ ಯುನೆಸ್ಕೋದ ಸಲಹೆಗಾರರಾಗಿ ನಮ್ಮ ದೇಶದಲ್ಲೇ ಇದ್ದರೆಂಬುದು ಸ್ವಾರಸ್ಯದ ಸಂಗತಿ. 1977ರ ‘ಸ್ಟಾರ್ ವಾರ್ಸ್’ ಚಿತ್ರ ಅವರ ಸಂಸ್ಥೆಯ ಪದ್ಧತಿಯನ್ನು ಮನೆಮಾತಾಗಿಸಿತು. 1992ರಲ್ಲಿ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದೊಡನೆ ಅದರ ಡಿಜಿಟಲ್ ರೂಪ ಚಿತ್ರಮಂದಿರಕ್ಕೆ ಬಂತು.

ಅಂಗಡಿಯಲ್ಲಿ ‘5.1’ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಇದು ದಶಮಾಂಶದ ಲೆಕ್ಕವಲ್ಲ. ಐದು ಎಂದರೆ ಎದುರಿನ ಎಡ, ನಡು, ಬಲ ಮತ್ತು ಕೇಳುಗನ ಪಕ್ಕದ ಎಡ, ಬಲ. ಉಳಿದ ಒಂದು, ಗುಡುಗಿನಂಥ ತಗ್ಗು ಸ್ವರಗಳಿಗಾಗಿಯೇ ಇರುವ ಸಬ್‌ವೂಫರ್. ಇವುಗಳಲ್ಲಿ ಹೆಚ್ಚು ಕೆಲಸ ನಡುಪೆಟ್ಟಿಗೆಯದು. ಚಲನಚಿತ್ರದ ಮಾತುಗಳಲ್ಲಿ ಬಹುಪಾಲು ಅದರಿಂದಲೇ ಹೊರಡುತ್ತವೆ.

ಇನ್ನು ಜೋಡಣೆ. ಕೂರುವ ಜಾಗವನ್ನು ಮೊದಲು ನಿಶ್ಚಯಿಸಬೇಕು. ಅಲ್ಲಿಂದ ನೇರ ಎದುರಿಗೆ, ಟಿ.ವಿ.ಯ ಕೆಳಗೆ ಅಥವಾ ಮೇಲೆ ನಡುಪೆಟ್ಟಿಗೆ. ಅದರ ಎರಡೂ ಕಡೆ 30 ಡಿಗ್ರಿ ಕೋನದಲ್ಲಿ ಎಡಬಲದ ಪೆಟ್ಟಿಗೆಗಳು. ಪಕ್ಕದ ಪೆಟ್ಟಿಗೆಗಳನ್ನು 110 ಡಿಗ್ರಿಯ ಸುಮಾರಿಗೆ, ಅಂದರೆ ಕಿವಿಗಿಂತ ತುಸು ಹಿಂದೆ ಇಡಬೇಕು. ನಿಮ್ಮ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎದುರಿನ ಪೆಟ್ಟಿಗೆಗಳು ಕುಳಿತವರ ಕಿವಿಯ ಮಟ್ಟದಲ್ಲಿದ್ದರೆ ಒಳ್ಳೆಯದು. ಸಬ್‌ವೂಫರನ್ನು ಮೂಲೆಗೆ ತಳ್ಳಿದರೆ ಸದ್ದು ಬೊಬ್ಬಿಡುತ್ತದೆ. ಅದಕ್ಕೆ ಸರಿಯಾದ ಸ್ಥಾನ ಹುಡುಕಲು ಸುಲಭ ಉಪಾಯವೊಂದಿದೆ. ಅದನ್ನೇ ನಿಮ್ಮ ಕುರ್ಚಿಯ ಜಾಗದಲ್ಲಿಟ್ಟು ಪದ್ಯವೊಂದನ್ನು ಹಾಕಿ ಕೋಣೆಯಲ್ಲಿ ತಿರುಗಾಡಿರಿ. ತಗ್ಗು ಸ್ವರ ಎಲ್ಲಿ ಹದವಾಗಿ ಕೇಳುವುದೋ ಅಲ್ಲಿ ಅದನ್ನು ಇಡಿರಿ.

ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆಂದು ವಿಜ್ಞಾನದ ತರಗತಿಯಲ್ಲಿ ಕಲಿತಿದ್ದೀರಿ. ಹಾಗಾದರೆ ಒಂದು ಮೀಟರ್ ದಾಟಲು ಸೆಕೆಂಡಿನ ಸಾವಿರದಲ್ಲಿ ಮೂರು ಪಾಲು ಬೇಕು. ಒಂದು ಪೆಟ್ಟಿಗೆ ಹತ್ತಿರ, ಇನ್ನೊಂದು ದೂರವಿದ್ದರೆ ಸದ್ದುಗಳು ಹಿಂದುಮುಂದಾಗುತ್ತವೆ. ಅದಕ್ಕಾಗಿಯೇ ಹಲವು ಆಂಪ್ಲಿಫಯರುಗಳಲ್ಲಿ ಪ್ರತಿಯೊಂದು ಪೆಟ್ಟಿಗೆಯ ದೂರವನ್ನು ನಮೂದಿಸಲು ಅವಕಾಶವಿರುತ್ತದೆ. ಟೇಪು ಹಿಡಿದು ಅಳೆದು ಬರೆಯಿರಿ, ಅಂದಾಜು ಬೇಡ.

ತಂತಿ ಜೋಡಿಸುವಾಗ ಪ್ಲಗ್ಗನ್ನು ಕಳಚಿರಲೇಬೇಕು. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಪೆಟ್ಟಿಗೆಯಲ್ಲಿ ಇದು ಅದಲುಬದಲಾದರೆ, ಒಂದರ ಪೊರೆ ಮುಂದೆ ಬರುವಾಗ ಇನ್ನೊಂದರದು ಹಿಂದೆ ಸರಿಯುತ್ತದೆ. ಆಗ ತಗ್ಗು ಸ್ವರಗಳು ಒಂದನ್ನೊಂದು ನುಂಗಿ ಸದ್ದು ಸೊರಗುತ್ತದೆ. ತಂತಿಯ ಒಂದು ಎಳೆ ಪಕ್ಕದ ತಿರುಪಿಗೆ ತಾಗಿದರೂ ಆಂಪ್ಲಿಫಯರಿಗೆ ಅಪಾಯ.

ಈಗ ಅಜ್ಜನ ಚಾವಡಿಗೆ ಮರಳೋಣ. ದೋಷ ಹುಡುಕುವಾಗ ಒಂದೇ ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎಲ್ಲವನ್ನೂ ಒಟ್ಟಿಗೆ ಕಿತ್ತುಹಾಕಿದರೆ ಗುಣವಾದರೂ ಕಾರಣ ತಿಳಿಯುವುದಿಲ್ಲ. ಮೊದಲು ಆಂಪ್ಲಿಫಯರಿನಲ್ಲಿದ್ದ ಪರೀಕ್ಷಾ ಧ್ವನಿಯನ್ನು ಹಾಕಿದೆವು. ‘ಶ್’ ಎಂಬ ಸದ್ದು ಒಂದೊಂದು ಪೆಟ್ಟಿಗೆಯಲ್ಲಿ ಸರದಿಯಂತೆ ಬಂತು. ನಡುವಿನ ಸರದಿಯಲ್ಲಿ ಮಾತ್ರ ಮೌನ. ಪ್ಲಗ್ಗು ಕಳಚಿ, ಎಡಪೆಟ್ಟಿಗೆಯ ತಂತಿಯನ್ನು ನಡುಪೆಟ್ಟಿಗೆಗೆ ಸಿಕ್ಕಿಸಿದೆವು. ಎಡದ ಸರದಿ ಬಂದಾಗ ನಡುಪೆಟ್ಟಿಗೆ ನುಡಿಯಿತು. ಪೆಟ್ಟಿಗೆ ಸರಿಯಿದೆ ಎಂದಾಯಿತು. ಅದೇ ತಂತಿಯ ಇನ್ನೊಂದು ತುದಿಯನ್ನು ಆಂಪ್ಲಿಫಯರಿನ ನಡುವಿನ ಜಾಗಕ್ಕೆ ಕೊಟ್ಟೆವು. ಈ ಸಲ ನಡುವಿನ ಸರದಿಯಲ್ಲೇ ಸದ್ದು ಬಂತು. ಆಂಪ್ಲಿಫಯರೂ ಸರಿ. ಉಳಿದದ್ದು ನಡುವಿನ ಹಳೆಯ ತಂತಿಯೊಂದೇ. ಬಿಡಿಸಿ ನೋಡಿದರೆ ಮಳೆಗಾಲದ ತೇವಕ್ಕೆ ಅದರ ತುದಿ ಹಸುರು ಕಿಲುಬು ಹಿಡಿದಿತ್ತು. ಹುಡುಗ ಒಂದಂಗುಲ ಕತ್ತರಿಸಿ, ಹೊಸ ತಾಮ್ರ ಬಿಡಿಸಿ, ಹುರಿಮಾಡಿ ಬಿಗಿದ. ಖರ್ಚು ಏನೂ ಇಲ್ಲ.

ಚೆಂಡೆ ಕೇಳಿ ಅರ್ಥ ಕೇಳದೆ ಹೋದದ್ದೇಕೆ? ಆ ಧ್ವನಿಮುದ್ರಣ ಎಡ, ಬಲವೆಂಬ ಎರಡೇ ದಾರಿಯದು. ಎರಡರಲ್ಲೂ ಸಮನಾಗಿರುವ ಸದ್ದನ್ನು ಹೆಕ್ಕಿ ನಡುಪೆಟ್ಟಿಗೆಗೆ ಕಳಿಸುವಂತೆ ಆಂಪ್ಲಿಫಯರನ್ನು ಹೊಂದಿಸಿದ್ದರು. ಅರ್ಥಧಾರಿಗಳ ಮಾತು ಎರಡರಲ್ಲೂ ಸಮನಾಗಿದ್ದುದರಿಂದ ನಡುವಿಗೆ ಹೋಗಿ ಅಲ್ಲೇ ಇಂಗಿತು. ಚೆಂಡೆ, ಮದ್ದಳೆಗಳ ಸದ್ದು ಬದಿಗಳಿಗೂ ಹಂಚಿಹೋಗಿದ್ದುದರಿಂದ ಉಳಿಯಿತು.

ಬೇರೆ ಕೆಲವು ದೋಷಗಳನ್ನೂ ಹೇಳುತ್ತೇವೆ. ಪಕ್ಕದ ಪೆಟ್ಟಿಗೆಗಳು ಮೌನವಾಗಿದ್ದರೆ ಅವು ಕೆಟ್ಟಿವೆಯೆಂದು ತಿಳಿಯಬೇಡಿರಿ. ಕಾರ್ಯಕ್ರಮವೇ ಎರಡು ದಾರಿಯದಾಗಿರಬಹುದು, ಅಥವಾ ಟಿ.ವಿ.ಯ ಧ್ವನಿ ಆಯ್ಕೆ ಸ್ಟೀರಿಯೋದಲ್ಲೇ ಉಳಿದಿರಬಹುದು. ತುಟಿ ಮುಂದೆ, ಮಾತು ಹಿಂದೆ ಆದರೆ ಆಂಪ್ಲಿಫಯರಿನಲ್ಲಿ ಧ್ವನಿಗೆ ಸೇರಿಸಿರುವ ವಿಳಂಬವನ್ನು ಕಡಿಮೆ ಮಾಡಬೇಕು. ಮಾತು ಮುಂದಾದರೆ ಹೆಚ್ಚಿಸಬೇಕು. ‘ಗುಂಯ್’ ಎಂಬ ಸದ್ದಿದ್ದರೆ ಎಲ್ಲ ಪ್ಲಗ್ಗುಗಳನ್ನೂ ಒಂದೇ ಬೋರ್ಡಿಗೆ ಹಾಕಿ, ಧ್ವನಿಯ ತಂತಿಗಳನ್ನು ವಿದ್ಯುತ್ ತಂತಿಗಳಿಂದ ದೂರವಿರಿಸಿರಿ. ಅರ್ತ್ ಕಡ್ಡಿಯನ್ನು ಮಾತ್ರ ಎಂದಿಗೂ ಮುರಿಯಬಾರದು. ಸಿಮೆಂಟಿನ ನೆಲ, ಬೋಳು ಗೋಡೆಗಳಿಂದ ಮಾತು ಮಾರ್ದನಿಗೊಂಡು ಕಲಸಿಹೋದರೆ ಒಂದು ಜಮಖಾನ, ದಪ್ಪ ಪರದೆ ಸಾಕು. ತುಲಾಮಾಸದ ಸಿಡಿಲು ಶುರುವಾಗುವ ಮೊದಲೇ ಪ್ಲಗ್ಗನ್ನೂ ಕೇಬಲ್ ತಂತಿಯನ್ನೂ ಕಳಚಿಡಿರಿ.

ಹೆತ್ತವರಲ್ಲಿ ಒಂದು ಮಾತು. ಮನೆಯ ಹಿರಿಯರು ಮಾತು ಕೇಳಿಸದೆಂದರೆ ಎಲ್ಲದರ ಸದ್ದನ್ನೂ ಏರಿಸಬೇಡಿರಿ. ನಡುಪೆಟ್ಟಿಗೆಯೊಂದನ್ನೇ ಎರಡು ಮೂರು ಡೆಸಿಬೆಲ್ ಏರಿಸಿ ನೋಡಿರಿ. ಎದುರು ಕುಳಿತು ಆಡಿದ ಮಾತೂ ಅವರಿಗೆ ಕೇಳಿಸದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ, ತಡಮಾಡಬೇಡಿರಿ.

ಅಂದು ತಂತಿ ಬಿಗಿದು ಸ್ವಿಚ್ಚು ಹಾಕಿದಾಗ ಅಜ್ಜ ಒಳಕೋಣೆಯಲ್ಲಿ ಮಲಗಿದ್ದರು. ಕೃಷ್ಣನ ಪಾತ್ರಧಾರಿಯ ಮಾತು ಚಾವಡಿಯಲ್ಲಿ ಸ್ಪಷ್ಟವಾಗಿ ಮೊಳಗಿತು. ಸ್ವಲ್ಪ ಹೊತ್ತಿನಲ್ಲಿ ಅವರು ಕೋಲೂರಿಕೊಂಡು ಬಂದು, ಏನೂ ಹೇಳದೆ, ತಮ್ಮ ಹಳೆಯ ಕುರ್ಚಿಯಲ್ಲಿ ಕುಳಿತರು. ಮೊಮ್ಮಗ ಅವರ ಕಾಲಬುಡದಲ್ಲಿ ಕುಳಿತ. ಅರ್ಥಗಾರಿಕೆಯಲ್ಲಿ ಬಂದ ಹಳಗನ್ನಡದ ಮಾತೊಂದಕ್ಕೆ ಅವನು ಅರ್ಥ ಕೇಳಿದ, ಅಜ್ಜ ಹೇಳಿದರು. ನಾವು ಚಹಾ ಕುಡಿದು ಹೊರಟೆವು.